ರವಿವಾರವೇ ಬರೆದಿಟ್ಟ ಸೋಮವಾರ

ಮೊನ್ನೆ ರವಿವಾರ ನನ್ನ ಚೀಲದೊಳಗೆ ಕೆಂಪು ಪೆನ್ನೊಂದು ಸೋರಿಬಿಟ್ಟಿತು. ಕರ್ಚೀಫು, ಬುತ್ತಿಯ ಡಬ್ಬಿ, ಆಧಾರ ಕಾರ್ಡಿನ ಝೆರಾಕ್ಸು, ನೆಗಡಿಗೆಂದು ಇಟ್ಟುಕೊಂಡ ಗುಳಿಗೆ, ಯಾವುದನ್ನೂ ಬಿಡಲಿಲ್ಲ. ಒಂದೊಂದನ್ನೇ ತೆಗೆದು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತ ಅರ್ಧ ಗಂಟೆ ಕಳೆದೆ. ತೊಳೆಯುವ ಅವಸರವೇನೂ ಇರಲಿಲ್ಲ. ಡೈರಿ ಬರೆಯಲು ಕೂತಿದ್ದೆ, ಮೊದಲ ಸಾಲು ಬರಲಿಲ್ಲ, ಏಳಲು ಒಂದು ನೆಪ ಬೇಕಾಗಿತ್ತು. ಪೆನ್ನು ಅಷ್ಟು ಉಪಕಾರ ಮಾಡಿತು. ಅದು ಇದಕ್ಕಿಂತ ದೊಡ್ಡ ಉಪಕಾರ ಮಾಡಿದ್ದೂ ಉಂಟು. ಹನ್ನೊಂದು ವರ್ಷ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ನನ್ನಿಂದ ಒಂದೇ ಒಂದು ವಸ್ತು ಕೇಳಿದ್ದರು, ಅದು ನನ್ನ ಹತ್ತಿರ ಇರಲೇಬೇಕಾಗಿತ್ತು, ಇರಲಿಲ್ಲ. ಆಗ ನನ್ನ ಮಾನ ಕಾಯ್ದದ್ದು ಈ ಸೋರುವ ಪೆನ್ನೇ. ಅದನ್ನೇ ಹೇಳಬೇಕೆಂದಿದ್ದೇನೆ. ಆದರೆ ನೆಟ್ಟಗೆ ಹೇಳುತ್ತೇನೆಂಬ ಭರವಸೆ ನನಗೇ ಇಲ್ಲ.

ಒಂದು ಕಡೆ ಕೂಡುವವರ ಪೈಕಿ ನಾನಲ್ಲ. ಕೊಹಿನೂರು ಎಂಬ ಹಳ್ಳಿಯಲ್ಲಿ ನಾನು ಹುಟ್ಟಿದ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ, "ಈ ಹುಡಿಗಿ ಕಾಲಿಗಿ ಯಾರೋ ಭಿಂಗರಿ ಕಟ್ಯಾರ" ಎನ್ನುತ್ತಿದ್ದಳು. ಭಿಂಗರಿ ಎಂದರೆ ಗಿರಗಿರ ತಿರುಗುವ ಆಟಿಕೆ. ಮಾತು ಗಡಿಯಾಚೆಯ ಮರಾಠಿಯದು, ಅವ್ವನ ತವರೂ ಅಲ್ಲಿಯದೇ. ದೇವರು ಆ ಭಿಂಗರಿಗೆ ತಕ್ಕ ನೌಕರಿಯನ್ನೇ ಕೊಟ್ಟ. ಈಗಿನ ಮನೆ ಬಸವಕಲ್ಯಾಣದಲ್ಲಿ, ನಾನು ಪಾಠ ಹೇಳುವ ಶಾಲೆ ಹುಮನಾಬಾದ ದಾಟಿ ದುಬಲಗುಂಡಿಯ ಹಾದಿಯಲ್ಲಿ. ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ಬಸ್ಸಿನಲ್ಲಿ ಮಾತ್ರ ನಾನು ಸುಮ್ಮನೆ ಕೂಡುತ್ತೇನೆ, ನನ್ನ ಪಾಲಿನ ಓಡಾಟವನ್ನು ಡ್ರೈವರನೇ ಮಾಡುತ್ತಿರುತ್ತಾನಲ್ಲ.

ಇಂಥವಳಿಗೆ ಡೈರಿಯ ಹುಚ್ಚು ಯಾಕೆ ಹತ್ತಿತು ಎಂದರೆ ಅಜ್ಜನನ್ನು ಕೇಳಬೇಕು. ನಿಜಾಮರ ಕಾಲದಲ್ಲಿ ಅಜ್ಜ ಪೊಲೀಸ್ ಪಾಟೀಲರ ಹತ್ತಿರ ಕಾರಕೂನರಾಗಿದ್ದರು. ಉರ್ದುವಿನಲ್ಲಿ ರೋಜನಾಮಚಾ, ಅಂದರೆ ದಿನಚರಿ, ಬರೆದಿಟ್ಟು ಹೋಗಿದ್ದರು. ಮೂರು ದಪ್ಪ ಪುಸ್ತಕ. ನಮ್ಮಲ್ಲಿ ಯಾರಿಗೂ ಉರ್ದು ಓದಲು ಬಾರದ್ದರಿಂದ ಅವನ್ನು ದೇವರ ಜಗಲಿಯ ಮೇಲಿಟ್ಟು ದಸರೆಗೊಮ್ಮೆ ಕುಂಕುಮ ಹಚ್ಚುತ್ತಿದ್ದೆವು. ಅದರೊಳಗೆ ಊರಿನ ದೊಡ್ಡ ದೊಡ್ಡ ಗುಟ್ಟುಗಳಿವೆ ಎಂದು ಅಪ್ಪ ನಂಬಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಉರ್ದು ಶಾಲೆಯ ಮಾಸ್ತರರೊಬ್ಬರನ್ನು ಕರೆಸಿದೆವು. ಅವರು ಚಹಾ ಆರಿಹೋಗುವವರೆಗೆ ಪುಟ ತಿರುವಿದರು. ಕಡೆಗೆ, ಎಲ್ಲ ಪುಟಗಳಲ್ಲೂ ತಾರೀಖಿನ ಕೆಳಗೆ ಎರಡೇ ಶಬ್ದ ಇವೆ, ಹಾಲತ್ ಬದಸ್ತೂರ್, ಅಂದರೆ ಪರಿಸ್ಥಿತಿ ಎಂದಿನಂತೆ, ಎಂದು ಬಹಳ ಸಂಕೋಚದಿಂದ ಹೇಳಿದರು. ಅಪ್ಪ ತಾವು ಹುಟ್ಟಿದ ದಿನದ ಪುಟ ತೆಗೆಸಿದರು. ಹಾಲತ್ ಬದಸ್ತೂರ್. ಅಪ್ಪ ಆ ಸಂಜೆ ಉಣ್ಣಲಿಲ್ಲ.

ನಾನು ಹಾಗೆ ಬರೆಯಬಾರದೆಂದು ಆಗಲೇ ಆಣೆ ಮಾಡಿಕೊಂಡೆ. ಎಲ್ಲವನ್ನೂ ಬರೆದೆ. ಅಣ್ಣ ಬೆಲ್ಲ ಕದ್ದದ್ದು, ಕದ್ದು ಬೆಕ್ಕಿನ ಮೇಲೆ ಹಾಕಿದ್ದು, ಬೆಕ್ಕು ಬೆಲ್ಲ ತಿನ್ನುವುದಿಲ್ಲವೆಂಬುದು ಅವ್ವನ ತಲೆಗೆ ಹೊಳೆಯದೇ ಇದ್ದದ್ದು. ಅವ್ವನ ಕೈಗೆ ಆ ಡೈರಿ ಹೇಗೋ ಸಿಕ್ಕಿ, ಚಿಕ್ಕಮ್ಮನಿಂದ ಓದಿಸಿ ಕೇಳಿದಳು. ಅಣ್ಣ ಏಟು ತಿಂದ. ಮರುದಿನ ನನ್ನ ಡೈರಿ ದನದ ನೀರಿನ ದೋಣಿಯಲ್ಲಿ ತೇಲುತ್ತಿತ್ತು. ಎಮ್ಮೆ ಅದನ್ನು ಮೂಸಿ ನೋಡಿ ಮುಖ ಆಚೆ ಮಾಡಿತು. ನನ್ನ ಬರವಣಿಗೆಗೆ ಸಿಕ್ಕ ಮೊದಲ ವಿಮರ್ಶೆ ಅದೇ.

ಆಮೇಲೆ ಬಹಳ ವರ್ಷ ಬರೆಯಲಾಗಲೇ ಇಲ್ಲ. ಆಸೆ ಮಾತ್ರ ಹೋಗಲಿಲ್ಲ. ಹುಮನಾಬಾದಿನ ಗೊಬ್ಬರದ ಅಂಗಡಿಯವರು ಪ್ರತಿವರ್ಷ ನನ್ನ ಯಜಮಾನರಿಗೊಂದು ಡೈರಿ ಕೊಡುತ್ತಾರೆ, ಅದನ್ನು ನಾನು ಎತ್ತಿಟ್ಟುಕೊಳ್ಳುತ್ತೇನೆ. ಪುಟದ ತಳದಲ್ಲಿ ರೈತರಿಗೆ ಒಂದೊಂದು ಬುದ್ಧಿಮಾತು ಇರುತ್ತದೆ. ಸಂಜೆ ನೀಲಿ ಪೆನ್ನು ಹಿಡಿದು ಕೂತರೆ ಮೇಲೆ ಇಡೀ ಹಾಳೆ ಖಾಲಿ, ಕೆಳಗೆ "ತೊಗರಿಯ ಕಾಯಿಕೊರಕದ ಬಗ್ಗೆ ಎಚ್ಚರವಿರಲಿ." ಎಚ್ಚರದಿಂದಲೇ ಕೂಡುತ್ತಿದ್ದೆ. ಐದು ನಿಮಿಷಕ್ಕೆ ಕಾಲು ಜುಮ್ಮೆನ್ನುವುದು. ಎದ್ದು ಹಾಲು ನೋಡಿ ಬರುತ್ತಿದ್ದೆ. ಮತ್ತೆ ಕೂತರೆ ಹೊರಗೆ ಹಾಕಿದ ಬಟ್ಟೆಯ ನೆನಪು. ಬಟ್ಟೆ ಮಡಿಚಿ ಬಂದರೆ, ಫ್ಯಾನಿನ ರೆಕ್ಕೆ ಒರೆಸಿ ಎಷ್ಟು ದಿನವಾಯಿತು ಎಂಬ ಚಿಂತೆ. ನಮ್ಮ ಮನೆ ಯಾವಾಗಲೂ ಲಕಲಕ ಎನ್ನುತ್ತದೆಂದು ಬಂದವರೆಲ್ಲ ಹೊಗಳುತ್ತಾರೆ. ಅದರ ಪುಣ್ಯವೆಲ್ಲ ಖಾಲಿ ಡೈರಿಗೆ ಸೇರಬೇಕು.

ದಾರಿ ಸಿಕ್ಕಿದ್ದು ಶಾಲೆಯ ಪಾಠ ಟಿಪ್ಪಣಿಯಿಂದ. ಮುಂದಿನ ವಾರ ಯಾವ ದಿನ ಯಾವ ಪಾಠ ಹೇಳುತ್ತೇವೆ, ಮಕ್ಕಳಿಗೆ ಅದರಿಂದ ಏನು ತಿಳಿಯುತ್ತದೆ ಎಂಬುದನ್ನೆಲ್ಲ ಮಾಸ್ತರರಾದವರು ಮೊದಲೇ ಬರೆದು ಹೆಡ್‌ಮಾಸ್ತರರಿಗೆ ಒಪ್ಪಿಸಬೇಕು. ಅವರು "ನೋಡಿದೆ" ಎಂದು ಬರೆದು ಸಹಿ ಹಾಕುತ್ತಾರೆ. ಇನ್ನೂ ಆಗದ ಸಂಗತಿಯನ್ನು ಆದಂತೆಯೇ ಬರೆಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಒಂದು ರವಿವಾರ ಮಧ್ಯಾಹ್ನ ಟಿಪ್ಪಣಿ ಮುಗಿಸಿದ ಕೈ ನಿಲ್ಲದೆ ಪಕ್ಕದ ಡೈರಿಗೂ ದಾಟಿತು. ಸೋಮವಾರ: ಬಸ್ಸು ತಡ. ಕಲಾವತಿ ಬಾಯಿ ಬಂದರು. ಕಿಟಕಿ ಅವರಿಗೆ. ಮೂರನೇ ಪೀರಿಯಡ್ ಭಾಗಾಕಾರ, ಯಾರಿಗೂ ತಿಳಿಯಲಿಲ್ಲ. ಮಂಗಳವಾರ: ಮತ್ತೆ ಭಾಗಾಕಾರ. ಹೀಗೆ ಶನಿವಾರದವರೆಗೆ ಬರೆದು, ಡೈರಿ ಮುಚ್ಚಿ, ಜೀವಮಾನದಲ್ಲಿ ಮೊದಲ ಸಲ ನೆಮ್ಮದಿಯಿಂದ ಮಲಗಿದೆ.

ನಗಬೇಡಿ. ಬರೆದದ್ದು ಬಹುಮಟ್ಟಿಗೆ ನಿಜವೂ ಆಗುತ್ತಿತ್ತು. ಬಸ್ಸು ತಡವಾಗಿಯೇ ಬರುತ್ತಿತ್ತು, ಭಾಗಾಕಾರ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಒಂದು ಬುಧವಾರ ಬಸ್ಸು ಹೊತ್ತಿಗೆ ಮುಂಚೆಯೇ ಬಂದು ಹೊರಟು, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಹತ್ತಿದೆ. ಸಂಜೆ ಡೈರಿ ತೆಗೆದರೆ "ಬಸ್ಸು ತಡ" ಎಂದಿದೆ. ತಪ್ಪು ಕಂಡಾಗ ಮಾಸ್ತರಿಕೆ ಮಾಡುವವರ ಕೈ ಸುಮ್ಮನಿದ್ದೀತೇ. ಚೀಲದೊಳಗಿನ ಕೆಂಪು ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದು "ತಪ್ಪು" ಎಂದು ಬರೆದೆ. ಬರೆದ ಮೇಲೆ ಸರಿ ಉತ್ತರ ಬರೆಯಬೇಕಲ್ಲ. ಬರೆಯುತ್ತ ಹೋದೆ, ಚಪ್ಪಲಿಯ ಕತೆ, ಕಂಡಕ್ಟರನ ಬೈಗುಳ, ಹಿಂದಿನ ಸೀಟಿನ ಅಜ್ಜಿ ನನ್ನ ಕಾಲಿಗೆ ಚುಚ್ಚಿದ ಜಾಲಿಮುಳ್ಳನ್ನು ಸೇಫ್ಟಿಪಿನ್ನಿನಿಂದ ತೆಗೆದದ್ದು. ತಲೆಯೆತ್ತಿದಾಗ ಪುಟ ಮುಗಿದಿತ್ತು. ಖಾಲಿ ಹಾಳೆಯ ಮುಂದೆ ಒಂದಕ್ಷರ ಹುಟ್ಟದವಳಿಗೆ ತಪ್ಪು ಹಾಳೆಯ ಮುಂದೆ ಜಾಗ ಸಾಲದಾಗಿತ್ತು.

ಇಲ್ಲಿ ಕಲಾವತಿ ಬಾಯಿಯ ಬಗ್ಗೆ ಹೇಳಲೇಬೇಕು. ಬಾಯಿ ಎಂದರೆ ನಮ್ಮ ಕಡೆ ಟೀಚರಮ್ಮ. ಅವರು ಮೂಲ ಮಂಠಾಳದವರು, ಮನೆ ಮಾಡಿದ್ದು ಬಸವಕಲ್ಯಾಣದಲ್ಲಿ, ನನ್ನ ಶಾಲೆಯಲ್ಲೇ ಕನ್ನಡ ಹೇಳುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ನಮ್ಮ ಬಸ್ಸಿನಲ್ಲಿ ಸೀಟು ಸಿಗುವುದೆಂದರೆ ಮೊದಲಿನಿಂದಲೂ ಸಾಹಸ, ಹೆಂಗಸರಿಗೆ ಟಿಕೇಟು ಪುಕ್ಕಟೆಯಾದ ಮೇಲಂತೂ ಕೇಳುವುದೇ ಬೇಡ. ನಾನು ಮುಂಚೆ ಹೋಗಿ ಹೊರಗಿನಿಂದಲೇ ಕಿಟಕಿಯೊಳಗೆ ಕರ್ಚೀಫು ಎಸೆದು ಸೀಟು ಹಿಡಿಯಬೇಕು, ಅವರು ಆಮೇಲೆ ನಿಧಾನವಾಗಿ ಬಂದು ಕಿಟಕಿಯ ಪಕ್ಕ ಕೂಡಬೇಕು. ಇದು ನಮ್ಮಿಬ್ಬರ ಕರಾರು. ಸೀಟು ಹಿಡಿದವಳಿಗೆ ಕಿಟಕಿ ಇಲ್ಲವೆಂಬುದು ಯಾವ ನ್ಯಾಯ ಎಂದು ನಾನು ಎಷ್ಟೋ ಸಲ ಗೊಣಗಿದ್ದೇನೆ. ಅವರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವರ ಯಜಮಾನರು ಲೈನ್‌ಮನ್ ಆಗಿ ನಿವೃತ್ತರಾದವರು, ದಿನಾ ಸ್ಕೂಟರಿನಲ್ಲಿ ತಂದು ಬಿಟ್ಟು, ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು ಬಸ್ಸು ಹೊರಡುವವರೆಗೆ ಅಲ್ಲೇ ಇರುತ್ತಿದ್ದರು. ಕೈ ಬೀಸುವುದು ಗೀಸುವುದು ಏನೂ ಇಲ್ಲ. ಬಸ್ಸು ಹೊರಟಿತೆಂದರೆ ಕಿಕ್ ಹೊಡೆದು ಹೋಗುವರು.

ನಾನು ವಾರದ ಡೈರಿ ಮೊದಲೇ ಬರೆಯುವ ಸಂಗತಿ ಕಲಾವತಿ ಬಾಯಿಗೆ ಗೊತ್ತಿರಲಿಲ್ಲ. ಡೈರಿ ಬರೆಯುತ್ತೇನೆಂಬುದಷ್ಟೇ ಗೊತ್ತಿತ್ತು. ಅದರ ಬಗ್ಗೆ ಅವರಿಗೆ ಭಾರೀ ಗೌರವ. ಬಸ್ಸಿನ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ನಾನೂ ಗಂಭೀರವಾಗಿ ಮುಖ ಮಾಡಿಕೊಂಡು ಕೂಡುತ್ತಿದ್ದೆ.

ಗಂಭೀರವಾಗಿ ಕೂತದ್ದೇ ಆಯಿತು. ತಿದ್ದುವ ಉಮೇದು ಎರಡು ವರ್ಷವೂ ಬಾಳಲಿಲ್ಲ. ಪರೀಕ್ಷೆ, ಮಗಳ ಕಾಲೇಜು, ಜನಗಣತಿ, ಚುನಾವಣೆ ಎಂದು ಒಂದಲ್ಲ ಒಂದು ಬರುತ್ತಿತ್ತು. ಪ್ರತಿದಿನ ತಿದ್ದುವುದು ಹೋಗಿ ಶನಿವಾರ ಒಟ್ಟಿಗೆ ತಿದ್ದುವುದಾಯಿತು. ಆಮೇಲೆ, ಕಟ್ಟು ಕಟ್ಟು ನೋಟುಬುಕ್ಕು ಎದುರಿಗೆ ಬಂದಾಗ ನಾವು ಮಾಡುತ್ತೇವಲ್ಲ, ಓದದೆಯೇ ಪುಟಕ್ಕೊಂದು ಸರಿ ಗುರುತು, ಹಾಗಾಯಿತು. ಬಸ್ಸು ತಡ, ಸರಿ. ಕಲಾವತಿ ಬಾಯಿ ಬಂದರು, ಸರಿ. ಕಿಟಕಿ ಅವರಿಗೆ, ಸರಿ. ಮಾತು, ಸರಿ.

ಈ ವರ್ಷ ಅವರ ನಿವೃತ್ತಿ ಬಂತು. ಬೀಳ್ಕೊಡುಗೆಗೆ ಏನು ಕೊಡೋಣ ಎಂದು ಶಾಲೆಯಲ್ಲಿ ಚರ್ಚೆ ನಡೆದಿದ್ದಾಗ ನಾನು ಬಸ್ಸಿನಲ್ಲಿ ಅವರನ್ನೇ ಕೇಳಿಬಿಟ್ಟೆ, ನನ್ನಿಂದ ಬೇರೆ ಏನಾದರೂ ಬೇಕಾ ಎಂದು. ಅವರು ಕಿಟಕಿಯ ಹೊರಗೆ ನೋಡುತ್ತಲೇ ಕೂತಿದ್ದರು. ಬಸ್ಸು ರಾಜೇಶ್ವರ ಊರು ದಾಟಿದ ಮೇಲೆ ಈ ಕಡೆ ತಿರುಗಿದರು.

"ನಮ್ಮ ಮನಿಯವರು ಹಾಸಿಗಿ ಹಿಡದ ವರ್ಷ ನಾ ನಿನಗ ದಿನಾ ಏನೇನೋ ಹೇಳತಿದ್ನಲ್ಲ ಸರೋಜಾ," ಎಂದರು. "ಮನ್ಯಾಗ ಮಕ್ಕಳ ಮುಂದ ಬಾಯಿ ಬಿಟ್ಟಿಲ್ಲ. ಇಲ್ಲೇ ಹೇಳತಿದ್ದೆ, ಈ ಸೀಟಿನ್ಯಾಗ. ಈಗ ನೆನಿಸ್ಕೋಬೇಕಂದ್ರ ನನಗ ಒಂದೂ ನೆನಪ ಬರವಲ್ದು, ಬರೇ ಔಷಧದ ವಾಸನಿ ಬರ್ತದ. ನಿನ್ನ ಡೈರ್ಯಾಗ ಇದ್ದೇ ಇರ್ತದ. ಅದೊಂದು ಓದಿ ಹೇಳು. ಶಾಲ್ ಗೀಲ್ ಏನೂ ಬ್ಯಾಡ."

ನಾನು "ಹೂಂರಿ ಬಾಯಿ" ಎಂದೆ.

ಮನೆಗೆ ಹೋದವಳೇ ಆ ವರ್ಷದ ಡೈರಿ ತೆಗೆದೆ. ಎಂಟು ತಿಂಗಳು ಆ ಮನುಷ್ಯ ಮಲಗಿದ್ದರು, ಎಂಟು ತಿಂಗಳು ಅವರ ಹೆಂಡತಿ ನನ್ನ ಕಿವಿಯಲ್ಲಿ ಜೀವದ ಭಾರ ಇಳಿಸಿದ್ದರು. ನನ್ನ ಪುಟಗಳಲ್ಲಿ ಇದ್ದದ್ದೇನು? ಕಲಾವತಿ ಬಾಯಿ ಬಂದರು. ಕಿಟಕಿ ಅವರಿಗೆ. ಮಾತು. ಪಕ್ಕದಲ್ಲಿ ಕೆಂಪು ಸರಿ ಗುರುತು. ಅಜ್ಜನ ದಿನಚರಿಗೆ ನಕ್ಕವಳು ನಾನು. ಅಜ್ಜ ಕಡೇಪಕ್ಷ ದಿನ ಮುಗಿದ ಮೇಲೆ ಬದಸ್ತೂರ್ ಎಂದು ಬರೆದಿದ್ದರು, ನಾನು ದಿನ ಹುಟ್ಟುವ ಮೊದಲೇ ಬರೆದಿಟ್ಟಿದ್ದೆ. ಇಡೀ ವರ್ಷದಲ್ಲಿ ತಿದ್ದಿದ್ದು ಒಂದೇ ಒಂದು ಕಡೆ. ಯಜಮಾನರು ತೀರಿಕೊಂಡು, ಅವರು ರಜೆ ಮುಗಿಸಿ ಮತ್ತೆ ಬಸ್ಸಿಗೆ ಬಂದ ದಿನ: "ತಪ್ಪು. ಇವತ್ತು ಕಿಟಕಿ ನನಗೆ ಕೊಟ್ಟರು. ಬಿಸಿಲು ಅಂದರು." ಅಷ್ಟೇ.

ನೆನಪಿಸಿಕೊಂಡು ಬರೆಯೋಣವೆಂದು ಹೊಸ ನೋಟುಬುಕ್ಕು ತಂದೆ. ಪ್ರತಿದಿನ ಸಂಜೆ ಕೂತೆ. ಒಂದಕ್ಷರವಿಲ್ಲ. ಫ್ಯಾನು ಒರೆಸಿದೆ, ಮಸಾಲೆ ಡಬ್ಬಿಗಳನ್ನು ತೊಳೆದೆ, ಮಗಳ ಹಳೆಯ ಸ್ವೆಟರ್ ಬಿಚ್ಚಿ ಉಂಡೆ ಮಾಡಿದೆ. ಎದ್ದೆ, ಕೂತೆ, ಮತ್ತೆ ಎದ್ದೆ. ನಮ್ಮ ಯಜಮಾನರು ಕಾಲು ಮೇಲೆ ಎತ್ತಿ ಕೂಡುವುದನ್ನು ರೂಢಿ ಮಾಡಿಕೊಂಡರು, ಎಲ್ಲಿ ಅವರನ್ನೂ ಒರೆಸಿಬಿಡುತ್ತೇನೋ ಎಂದು. ಬಸ್ಸಿನಲ್ಲಿ ಕಲಾವತಿ ಬಾಯಿ ಕೇಳಲಿಲ್ಲ. ಕೇಳದೆ ಕಾಯುವವರ ಪಕ್ಕ ಒಂದು ತಾಸು ಕೂಡುವುದು ಬಹಳ ಕಷ್ಟ.

ಕಡೆಗೊಂದು ಸಂಜೆ ಸಿಟ್ಟು ಬಂತು, ನನ್ನ ಮೇಲೆಯೇ. ನೀಲಿ ಪೆನ್ನಿನಿಂದ ಒತ್ತಿ ಒತ್ತಿ ಬರೆದೆ: "ಕಲಾವತಿ ಬಾಯಿ ಆ ವರ್ಷ ಏನೂ ಹೇಳಲಿಲ್ಲ." ಬರೆದು ನೋಡಿದೆ. ಶುದ್ಧ ಸುಳ್ಳು. ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಕೆಂಪು ಪೆನ್ನು ಬಂತು. "ತಪ್ಪು. ದಿನಾ ಹೇಳಿದರು." ಮತ್ತೊಂದು ಸುಳ್ಳು ಬರೆದೆ: "ಯಜಮಾನರು ಸುಮ್ಮನೆ ಮಲಗಿರುತ್ತಿದ್ದರು." ಕೆಂಪು ಪೆನ್ನು ಓಡಿತು: "ತಪ್ಪು. ಕರೆಂಟು ಹೋದಾಗೊಮ್ಮೆ ತಲೆ ಎತ್ತಿ, ಯಾವ ಓಣಿಯ ಯಾವ ಕಂಬದಲ್ಲಿ ತಂತಿ ಸಡಿಲಾಗಿದೆ ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದರು." "ಊಟದ ಹಟವಿರಲಿಲ್ಲ." ತಪ್ಪು. "ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿದ್ದರು." ತಪ್ಪು. ಬೇಕೆಂತಲೇ ಸುಳ್ಳು ಬರೆಯುವುದು, ಸುಳ್ಳಿನ ಬೆನ್ನು ಹತ್ತಿ ನಿಜ ಓಡಿ ಬರುವುದು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಏಳಲಿಲ್ಲ. ವಾರವಿಡೀ ಬರೆದೆ.

ಕೊನೆಯ ದಿನ ಶನಿವಾರ. ಬೀಳ್ಕೊಡುಗೆ ಮುಗಿಸಿ ಹುಮನಾಬಾದಿನಲ್ಲಿ ಬಸ್ಸು ಹತ್ತಿದಾಗ ಕಲಾವತಿ ಬಾಯಿಯ ತೊಡೆಯ ಮೇಲೆ ಬೇಡವೆಂದರೂ ಬಂದ ಶಾಲು, ಎರಡು ಹಾರ, ಒಂದು ತೆಂಗಿನಕಾಯಿ. ಕಿಟಕಿ ಅವರಿಗೆ. ನಾನು ಮೊದಲು ತಪ್ಪೊಪ್ಪಿಕೊಂಡೆ. ರವಿವಾರವೇ ವಾರ ಬರೆದಿಡುತ್ತಿದ್ದದ್ದು, ಓದದೆ ಸರಿ ಹಾಕಿದ್ದು, ಆ ವರ್ಷದ ಡೈರಿಯಲ್ಲಿ ಅವರ ಮಾತು ಒಂದೂ ಇಲ್ಲದ್ದು, ಎಲ್ಲ ಹೇಳಿದೆ. ಅವರು ಹಾರದ ಹೂವೊಂದನ್ನು ಕೀಳುತ್ತ ಕೂತರು. ಆಮೇಲೆ ನಾನು ನೋಟುಬುಕ್ಕು ತೆಗೆದು ಬಸ್ಸಿನ ಸದ್ದಿನಲ್ಲಿ ಅವರಿಗಷ್ಟೇ ಕೇಳುವಂತೆ ಓದಿದೆ. ಕಂಬದ ಮಾತು ಬಂದಾಗ ಅವರ ತುಟಿ ಅಲುಗಿತು. "ಊಟಕ್ಕೆ ಗಂಜಿ ಬೇಡ, ಹುಗ್ಗಿ ಬೇಕೆಂದು ಹಟ ಮಾಡಿದರು" ಎಂದು ಓದಿದೆ ನೋಡಿ, ಸಟಕ್ಕನೆ ತಿರುಗಿದರು.

"ಹುಗ್ಗಿ ಅಲ್ಲ," ಎಂದರು. "ಅವರಿಗಿ ಸಿಹಿ ಆಗತಿರಲಿಲ್ಲ. ಭಜ್ಜಿ ಕೇಳಿದ್ರು. ಎಳ್ಳ ಅಮಾಸಿಗಿ ಹಸಿ ಕಾಳು, ಪಲ್ಲೆ ಕೂಡಿಸಿ ಕುದಿಸ್ತೀವಲ್ಲ, ಆ ಭಜ್ಜಿ, ಅದೂ ಬ್ಯಾಸಗ್ಯಾಗ. ಹಸಿ ಕಾಳು ಎಲ್ಲಿಂದ ತರ್ಲಿ? ಒಣಾ ಕಾಳು ನೆನಿಸಿ ಮಾಡಿದೆ. ಎರಡು ತುತ್ತು ತಿಂದು, ನೀ ಮೋಸ ಮಾಡಿದಿ ಅಂದ್ರು. ಪೆನ್ ಕೊಡು ಇಲ್ಲಿ."

ಕೆಂಪು ಪೆನ್ನು ಕೊಟ್ಟೆ. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಕೈ. ಹುಗ್ಗಿಯ ಮೇಲೆ ಗೆರೆ ಬಿತ್ತು. ತೆಂಗಿನಕಾಯಿಯನ್ನು ನನ್ನ ತೊಡೆಗೆ ದಾಟಿಸಿ, ನೋಟುಬುಕ್ಕನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬರೆದೇ ಬರೆದರು. ನನ್ನ ನೆನಪು ಅಲ್ಲಿ ಇಲ್ಲಿ ತಪ್ಪಿತ್ತು, ಪುಣ್ಯಕ್ಕೆ ಬಹಳ ತಪ್ಪಿತ್ತು. ಒಂದೂ ನೆನಪಿಲ್ಲ ಎಂದವರು ಒಂದೊಂದು ತಪ್ಪಿಗೂ ಅರ್ಧರ್ಧ ಪುಟ ಬರೆದರು. ಬಂಗ್ಲಾ ಕ್ರಾಸಿನಲ್ಲಿ ಜನ ಹತ್ತಿ ನೂಕುನುಗ್ಗಲಾಗಿ ಹಾರವೆಲ್ಲ ಜಜ್ಜಿಹೋಯಿತು. ಅವರ ಗಮನ ಅತ್ತ ಹೋಗಲಿಲ್ಲ.

ಕಡೆಯ ಪುಟದಲ್ಲಿ ನಾನು ಹಳೆಯ ಡೈರಿಯ ಆ ಸಾಲನ್ನು ಹಾಗೆಯೇ ಇಳಿಸಿದ್ದೆ: ಇವತ್ತು ಕಿಟಕಿ ನನಗೆ ಕೊಟ್ಟರು, ಬಿಸಿಲು ಅಂದರು. ಅವರು ಅದನ್ನು ತಿದ್ದಲಿಲ್ಲ. ಪೆನ್ನು ಮುಚ್ಚಿ ನನಗೆ ಕೊಟ್ಟುಬಿಟ್ಟರು.

"ಅವತ್ತ ಮೋಡ ಇತ್ತು," ಎಂದರು. "ಸ್ಕೂಟರ್ ನಿಲ್ಲೂ ಜಾಗಾ ಇನ್ನ ಯಾವಾಗ್ಲೂ ಖಾಲೀನೇ ಅನಸ್ತು, ಸರೋಜಾ. ನೋಡ್ಲಾಕ ಆಗಲಿಲ್ಲ."

ನಾನು ಹನ್ನೊಂದು ವರ್ಷ ಕಿಟಕಿಗಾಗಿ ಗೊಣಗಿದವಳು. ಅವರ ಕೈ ಹಿಡಿದುಕೊಂಡೆ. ನಿಲ್ದಾಣ ಬರುವವರೆಗೆ ಬಿಡಲಿಲ್ಲ. ಇಳಿಯುವಾಗ ನೋಟುಬುಕ್ಕನ್ನು ಶಾಲಿನಲ್ಲಿ ಸುತ್ತಿಕೊಂಡು ಹೋದರು. ತೆಂಗಿನಕಾಯಿ ನನ್ನಲ್ಲೇ ಉಳಿಯಿತು.

ಮರುದಿನ ರವಿವಾರ ಎಂದಿನಂತೆ ವಾರ ಬರೆಯಲು ಕೂತೆ. ಸೋಮವಾರಕ್ಕೆ ಕೈ ತನ್ನಷ್ಟಕ್ಕೆ ಬರೆಯಿತು: ಕಲಾವತಿ ಬಾಯಿ ಬಂದರು. ಕಿಟಕಿ ಅವರಿಗೆ. ಬರೆದ ಮೇಲೆ ಗೊತ್ತಾಗಿ ಸಂಕಟವಾಯಿತು. ಹಾಳೆ ಹರಿಯಲಿಲ್ಲ, ನಾಳೆ ತಿದ್ದಿದರಾಯಿತೆಂದು ಬಿಟ್ಟೆ.

ಸೋಮವಾರ ರೂಢಿಯಂತೆ ಕರ್ಚೀಫು ಎಸೆದೆ, ಒಳಗೆ ಹೋಗಿ ರೂಢಿಯಂತೆ ಈಚೆಯ ಸೀಟಿನಲ್ಲಿ ಕೂತೆ. ಕಿಟಕಿಯ ಸೀಟಿನಲ್ಲಿ ಕರ್ಚೀಫು ಒಂದೇ. ಬುಟ್ಟಿ ಹಿಡಿದ ಹೆಂಗಸೊಬ್ಬರು, ಯಾರಾರ ಬರೋರಿದ್ದಾರೇನ್ರಿ ಎಂದು ಕೇಳಿದರು. ಇಲ್ಲವೆಂದು ತಲೆ ಅಲ್ಲಾಡಿಸಿ, ಕರ್ಚೀಫು ಎತ್ತಿಕೊಂಡು ಆಚೆ ಸರಿದು ಅವರಿಗೆ ಜಾಗ ಕೊಟ್ಟೆ.

ಆಗ ಹೊರಗೆ ಕಣ್ಣು ಹೋಯಿತು. ಬೇವಿನ ಮರದ ಕೆಳಗೆ, ಸ್ಕೂಟರ್ ನಿಲ್ಲುತ್ತಿದ್ದ ಜಾಗದಲ್ಲಿ, ಖಾಲಿ ಕೈಚೀಲವೊಂದನ್ನು ಹಿಡಿದು ಕಲಾವತಿ ಬಾಯಿ ನಿಂತಿದ್ದರು, ಸಂತೆಗೆ ಹೊರಟವರ ಹಾಗೆ. ಸೋಮವಾರ ನಮ್ಮೂರಲ್ಲಿ ಸಂತೆಯಿಲ್ಲ. ಕೈ ಬೀಸಲಿಲ್ಲ, ನಾನೂ ಬೀಸಲಿಲ್ಲ. ಬಸ್ಸು ಹೊರಡುವವರೆಗೆ ಅಲ್ಲೇ ಇದ್ದು, ಹೊರಟ ಮೇಲೆ ತಿರುಗಿ ನಡೆದರು.

ತೊಡೆಯ ಮೇಲೆ ಡೈರಿ ತೆರೆದು ಕೆಂಪು ಪೆನ್ನು ತೆಗೆದೆ. ಮೊದಲ ವಾಕ್ಯವನ್ನು ಓದಿ ನೋಡಿಯೇ ಸರಿ ಗುರುತು ಹಾಕಿದೆ. ಎರಡನೆಯದರ ಮೇಲೆ ಗೆರೆ ಎಳೆದು ಬರೆದೆ: ತಪ್ಪು. ಕಿಟಕಿ ನನಗೆ.